ಎರಡು ಸ್ಟೇವ್, ಒಂದೇ ಅಲೆಗೆರೆ: ನೊಟೇಶನ್ ಸಾಫ್ಟ್‌ವೇರ್‌ನಲ್ಲಿ ಆರ್ಪೆಜಿಯೋ ಕೂರಿಸುವ ಬಗೆ

ಪ್ರಶ್ನೆ: ಮ್ಯೂಸ್‌ಸ್ಕೋರ್ 4 ಎಂಬ ನೊಟೇಶನ್ (ಸ್ವರಲಿಪಿ) ಸಾಫ್ಟ್‌ವೇರ್‌ನಲ್ಲಿ ಪಿಯಾನೋಗೆ ಒಂದು ಹಾಡಿನ ಅರೇಂಜ್‌ಮೆಂಟ್ ಬರೆಯುತ್ತಿದ್ದೇನೆ. ಹಾಡು ಸಿ ಮೇಜರ್‌ನಲ್ಲಿದೆ. ಒಂದು ಕಡೆ ಡಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬರುತ್ತದೆ: ಎಡಗೈಯಲ್ಲಿ ಡಿ, ಎ, ಬಲಗೈಯಲ್ಲಿ ಎಫ್ ಶಾರ್ಪ್, ಎ, ಡಿ. ಈ ಐದೂ ಸ್ವರ ಕೆಳಗಿನಿಂದ ಮೇಲಕ್ಕೆ ಒಂದರ ಹಿಂದೊಂದು ಉರುಳಿಕೊಂಡು ಬರಬೇಕು. ಹಾಗೆ ಉರುಳಿಸಲು ಹೇಳುವ ಅಲೆಗೆರೆ, ಅಂದರೆ ಆರ್ಪೆಜಿಯೋ ಚಿಹ್ನೆ, ಹಾಕಿದರೆ ಮೇಲಿನ ಸ್ಟೇವ್‌ಗೆ (ಐದು ಗೆರೆಗಳ ಸಾಲಿಗೆ) ಮಾತ್ರ ಬರುತ್ತದೆ. ಎರಡಕ್ಕೂ ಹಾಕಿದರೆ ಎರಡು ಬೇರೆ ಬೇರೆ ತುಂಡು. ಕೊನೆಗೆ ಆ ತುಂಡುಗಳನ್ನೇ ಮೌಸ್‌ನಿಂದ ಸರಿಸಿ, ಒಂದೇ ಗೆರೆಯಂತೆ ಕಾಣುವ ಹಾಗೆ ಮಾಡಿದೆ. ಪುಟದ ಅಳತೆ ಬದಲಿಸಿದ ಕೂಡಲೇ ನಡುವೆ ಬಿರುಕು ಬಿಟ್ಟಿತು, ಒಂದು ತುಂಡು ಶಾರ್ಪ್ ಚಿಹ್ನೆಯ ಮೇಲೆ ಹತ್ತಿ ಕೂತಿತು. ಸರಿಯಾದ ಕ್ರಮ ಯಾವುದು? ಪ್ಲೇಬ್ಯಾಕ್‌ನಲ್ಲಿ ಎರಡು ಕೈಯೂ ಒಟ್ಟಿಗೇ ಶುರುವಾಗುತ್ತದಲ್ಲ, ಅದಕ್ಕೇನು ಮಾಡಲಿ? ಗಿಟಾರ್ ಪಾರ್ಟ್‌ಗೂ ಇದೇ ಚಿಹ್ನೆ ನಡೆಯುತ್ತದೆಯೇ?

ಉತ್ತರ: ಮೊದಲು ಆ ಎರಡೂ ತುಂಡುಗಳನ್ನು ಅಳಿಸಿಬಿಡಿ. ಸರಿಸಿ ರಿಪೇರಿ ಮಾಡುವ ಯೋಚನೆಯೇ ಬೇಡ.

ಈಗ ಬಲಗೈ ಕಾರ್ಡ್‌ನ ಯಾವುದಾದರೂ ಒಂದು ಸ್ವರವನ್ನು ಆರಿಸಿ, ಆರ್ಪೆಜಿಯೋ ಮತ್ತು ಗ್ಲಿಸಾಂಡೋ ಪ್ಯಾಲೆಟ್ ತೆರೆದು, ಬಾಣವಿಲ್ಲದ ಬರಿಯ ಅಲೆಗೆರೆಯನ್ನು ಒತ್ತಿ. ಗೆರೆ ಬಂದ ಮೇಲೆ ಅದರ ಮೇಲೇ ಕ್ಲಿಕ್ ಮಾಡಿ. ತುದಿಗಳಲ್ಲಿ ಪುಟ್ಟ ಚೌಕದ ಹಿಡಿಗಳು ಕಾಣುತ್ತವೆ. ಕೆಳ ತುದಿಯ ಹಿಡಿಯನ್ನು ಆರಿಸಿಕೊಂಡು, ಶಿಫ್ಟ್ ಕೀ ಅದುಮಿ ಹಿಡಿದು ಕೆಳಮುಖದ ಬಾಣದ ಕೀ ಒತ್ತಿ. ಗೆರೆ ಮೇಲಿನ ಟ್ರೆಬಲ್ ಸ್ಟೇವ್ ದಾಟಿ ಕೆಳಗಿನ ಬಾಸ್ ಸ್ಟೇವ್‌ನ ಕಾರ್ಡ್‌ವರೆಗೆ ಇಳಿಯುತ್ತದೆ. ಜಾಸ್ತಿ ಇಳಿದರೆ ಶಿಫ್ಟ್ ಜೊತೆ ಮೇಲುಬಾಣ. ಇದಕ್ಕೆ ಒಂದೇ ಷರತ್ತು: ಎಡಗೈಯ ಕಾರ್ಡ್ ಕೂಡ ಅದೇ ಬೀಟ್‌ನಲ್ಲಿ ಶುರುವಾಗಬೇಕು. ಕೆಳಗೆ ಆ ಕ್ಷಣದಲ್ಲಿ ರೆಸ್ಟ್ (ಮೌನದ ಚಿಹ್ನೆ) ಇದ್ದರೆ, ಅಥವಾ ಹಿಂದಿನ ಬೀಟ್‌ನ ಉದ್ದ ಸ್ವರ ಇನ್ನೂ ನಿಂತಿದ್ದರೆ, ಗೆರೆ ಅಂಟಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ನಿಜಕ್ಕೂ ಅಂಟಿಕೊಂಡಿತೋ, ಬರೀ ಉದ್ದವಾಯಿತೋ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಫಾರ್ಮ್ಯಾಟ್ ಮೆನುವಿನಲ್ಲಿ ಸ್ಟೈಲ್ ತೆರೆದು, ಪೇಜ್ ಭಾಗದಲ್ಲಿ ಗ್ರ್ಯಾಂಡ್ ಸ್ಟಾಫ್ ಡಿಸ್ಟೆನ್ಸ್ ಎಂಬ ಅಂಕಿಯನ್ನು ಸುಮ್ಮನೆ ದೊಡ್ಡದು ಮಾಡಿ. ಎರಡು ಸ್ಟೇವ್‌ಗಳು ದೂರ ಸರಿಯುತ್ತವೆ. ಅಲೆಗೆರೆಯೂ ಜೊತೆಗೇ ಉದ್ದವಾಗಿ ಕೆಳಗಿನ ಡಿ ಸ್ವರವನ್ನು ಬಿಡದೆ ಹಿಡಿದುಕೊಂಡಿದ್ದರೆ ಕೆಲಸ ಆಯಿತು. ಗೆರೆ ಮೊದಲಿನಷ್ಟೇ ಉದ್ದ ಉಳಿದು, ಎರಡು ಸ್ಟೇವ್‌ಗಳ ನಡುವಿನ ಖಾಲಿ ಜಾಗದಲ್ಲಿ ನೇತಾಡುತ್ತಿದ್ದರೆ ಅದು ಕಣ್ಣಳತೆಯಲ್ಲಿ ಎಳೆದ ಚಿತ್ರ ಅಷ್ಟೇ. ನೋಡಿಯಾದ ಮೇಲೆ ಅಂಡೂ ಒತ್ತಿ ಅಂಕಿಯನ್ನು ಹಿಂದಕ್ಕೆ ತನ್ನಿ. ನಿಮ್ಮ ಹಳೆಯ ಎರಡು ತುಂಡುಗಳು ಪುಟದ ಅಳತೆ ಬದಲಾದಾಗ ಬಿರುಕು ಬಿಟ್ಟದ್ದೂ ಇದೇ ಕಾರಣಕ್ಕೆ. ಪ್ರತಿ ತುಂಡಿಗೂ ತನ್ನ ಸ್ಟೇವ್‌ನ ಕಾರ್ಡ್ ಗೊತ್ತಿತ್ತು, ಪಕ್ಕದ ತುಂಡಿನ ಪರಿಚಯವೇ ಇರಲಿಲ್ಲ.

ಇದು ಬರೀ ಅಂದಚಂದದ ವಿಷಯ ಅಲ್ಲ. ಒಂದೇ ಉದ್ದ ಗೆರೆಗೂ ಎರಡು ತುಂಡು ಗೆರೆಗೂ ಪಿಯಾನೋ ನುಡಿಸುವವರ ಮಟ್ಟಿಗೆ ಅರ್ಥ ಬೇರೆ. ಟ್ರೆಬಲ್‌ನಿಂದ ಬಾಸ್‌ವರೆಗೆ ಕಡಿಯದೆ ಇಳಿದ ಗೆರೆ ಎಂದರೆ ಎಡಗೈಯ ಅತಿ ಕೆಳಗಿನ ಸ್ವರದಿಂದ ಶುರುವಾಗಿ, ಎಡಗೈ ಮುಗಿದ ಮೇಲೆ ಬಲಗೈ, ಹೀಗೆ ಒಂದೇ ಓಟ. ಪ್ರತಿ ಸ್ಟೇವ್‌ಗೂ ಬೇರೆ ಗೆರೆ ಇದ್ದರೆ ಎರಡು ಕೈಗಳೂ ಏಕಕಾಲಕ್ಕೆ ಶುರು, ಎಡಗೈಯ ಡಿ ಮತ್ತು ಬಲಗೈಯ ಎಫ್ ಶಾರ್ಪ್ ಜೊತೆಯಾಗಿ ಬೀಳುತ್ತವೆ. ನಿಮ್ಮ ಪ್ಲೇಬ್ಯಾಕ್‌ನಲ್ಲಿ ಎರಡು ಕೈಯೂ ಒಟ್ಟಿಗೆ ಶುರುವಾದದ್ದು ಸಾಫ್ಟ್‌ವೇರ್‌ನ ತಪ್ಪಲ್ಲ. ನೀವು ಬರೆದದ್ದನ್ನೇ ಅದು ಓದಿತು. ಎರಡು ತುಂಡುಗಳ ನಡುವಿನ ಅಂತರವನ್ನು ಮುಚ್ಚಿ ನೀವು ಅಚ್ಚು ಹಾಕಿದ್ದರೆ ಇನ್ನೂ ಗೊಂದಲ: ಕಂಪ್ಯೂಟರ್‌ಗೆ ಎರಡು, ಕಣ್ಣಿಗೆ ಒಂದು.

ಹಾಗಾಗಿ ಪ್ಯಾಲೆಟ್‌ಗೆ ಕೈ ಹಾಕುವ ಮುಂಚೆಯೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಓಟದಲ್ಲಿ ಯಾವ ಯಾವ ಸ್ವರಗಳು ಸೇರಿವೆ? ಗೆರೆಯ ಎರಡು ತುದಿಗಳೇ ಆ ಪ್ರಶ್ನೆಗೆ ಉತ್ತರ. ಅತಿ ಮೇಲಿನ ಸ್ವರದಿಂದ ಅತಿ ಕೆಳಗಿನ ಸ್ವರದವರೆಗೆ ಗೆರೆ ಮುಟ್ಟಬೇಕು, ಓಟದಲ್ಲಿ ಇಲ್ಲದ ಸ್ವರದ ಕಡೆಗೆ ಚಾಚಬಾರದು.

ಎಡಗೈಗೆ ಮಾತ್ರ ಗೆರೆ ಇರುವ ಸಂದರ್ಭ ಪಿಯಾನೋ ಬರವಣಿಗೆಯಲ್ಲಿ ಬಹಳ. ಎಡಗೈಯಲ್ಲಿ ಹತ್ತನೇ ಸ್ವರದಷ್ಟು ಅಗಲದ ಕಾರ್ಡ್, ಎಲ್ಲರ ಕೈಗೂ ಎಟುಕುವುದಿಲ್ಲ. ಮೇಲೆ ಬಲಗೈಯಲ್ಲಿ ರಾಗದ (ಮೆಲೊಡಿಯ) ಒಂದೇ ಒಂದು ಸ್ವರ. ಇಲ್ಲಿ ಗೆರೆಯನ್ನು ಬಲಗೈವರೆಗೆ ಎಳೆದರೆ ರಾಗದ ಸ್ವರವೂ ತಡವಾಗಿ ಬರಬೇಕು ಎಂದಾಗುತ್ತದೆ. ಎಳೆಯದಿದ್ದರೆ ಅದು ಬೀಟ್‌ಗೆ ಸರಿಯಾಗಿ, ಓಟದ ಮೊದಲ ಸ್ವರದ ಜೊತೆಗೇ ಬೀಳಬಹುದು, ಕೊನೆಯ ಸ್ವರದ ಜೊತೆಗೂ ಬೀಳಬಹುದು. ಅಲೆಗೆರೆ ಇದನ್ನು ಹೇಳುವುದೇ ಇಲ್ಲ. ಓಟ ಬೀಟ್‌ನ ಮೇಲೆ ಶುರುವಾಗಬೇಕೋ, ಬೀಟ್‌ಗೆ ಮುಗಿಯಬೇಕೋ ಎಂಬುದು ಕಾಲ, ಶೈಲಿ, ನುಡಿಸುವವರ ಅಭಿರುಚಿಗೆ ಬಿಟ್ಟದ್ದು. ಬರೋಕ್ ಕಾಲದ ಸಂಗೀತದಲ್ಲಿ ಸಾಮಾನ್ಯವಾಗಿ ಬೀಟ್‌ನ ಮೇಲೆ ಶುರು. ಮೇಲಿನ ಸ್ವರದಲ್ಲಿ ರಾಗ ಇರುವ ಹತ್ತೊಂಬತ್ತನೇ ಶತಮಾನದ ಪಿಯಾನೋ ಸಂಗೀತದಲ್ಲಿ ಹಲವರು ಆ ಮೇಲಿನ ಸ್ವರವನ್ನೇ ಬೀಟ್‌ಗೆ ತಂದು ಕೂರಿಸುತ್ತಾರೆ. 1833ರಲ್ಲಿ ಪ್ರಕಟವಾದ ಶೋಪಾನ್‌ನ ಓಪಸ್ 10ರ ಎಟ್ಯೂಡ್‌ಗಳಲ್ಲಿ (ಅಭ್ಯಾಸ ಕೃತಿಗಳಲ್ಲಿ) 11ನೆಯದನ್ನು ತೆಗೆದು ನೋಡಿ, ಉದ್ದಕ್ಕೂ ಎರಡು ಕೈಯ ಉರುಳುವ ಕಾರ್ಡ್‌ಗಳೇ, ರಾಗ ತುತ್ತತುದಿಯಲ್ಲಿ. ಅದನ್ನು ಅಭ್ಯಾಸ ಮಾಡಿದವರಿಗೆ ಈ ಜಗ್ಗಾಟ ಚೆನ್ನಾಗಿ ಗೊತ್ತು. ನಿಮ್ಮ ಅರೇಂಜ್‌ಮೆಂಟ್‌ನಲ್ಲಿ ಇದು ಖಚಿತವಾಗಿರಲೇಬೇಕು ಎಂದಾದರೆ ಗೆರೆಯನ್ನು ನೆಚ್ಚಬೇಡಿ. ಸಣ್ಣ ಅಕ್ಷರದ ಗ್ರೇಸ್ ಸ್ವರಗಳಾಗಿ (ಮುಖ್ಯ ಸ್ವರಕ್ಕೆ ಮುಂಚೆ ಸರ್ರನೆ ಬರುವ ಸ್ವರಗಳಾಗಿ) ಬರೆದು ಟೈ (ಎರಡು ಸ್ವರಗಳನ್ನು ಒಂದೇ ಉದ್ದ ಸ್ವರವಾಗಿಸುವ ಬಾಗುಗೆರೆ) ಹಾಕಿ, ಅಥವಾ ಮೇಲೆ ಒಂದು ಸಾಲು ಸೂಚನೆ ಬರೆಯಿರಿ.

ನಮ್ಮ ಗಿಟಾರ್, ಕೀಬೋರ್ಡ್ ಕ್ಲಾಸುಗಳಲ್ಲಿ ಆರ್ಪೆಜಿಯೋ ಎಂದರೆ ಹೆಚ್ಚಾಗಿ ಬೇರೆಯದೇ ಅರ್ಥ. ಕಾರ್ಡ್‌ನ ಸ್ವರಗಳನ್ನು ತಾಳಕ್ಕೆ ಸರಿಯಾಗಿ, ಒಂದೊಂದಾಗಿ, ಒಂದು ಪ್ಯಾಟರ್ನ್‌ನಲ್ಲಿ ನುಡಿಸುವುದಕ್ಕೆ ಹಾಗೆ ಹೇಳುತ್ತಾರೆ. ಸಿನಿಮಾ ಹಾಡುಗಳ ಆರಂಭದಲ್ಲಿ ಬರುವ ಗಿಟಾರ್ ಪಿಕ್ಕಿಂಗ್ ಇಂಥದ್ದು. ಅದಕ್ಕೆ ಅಲೆಗೆರೆ ಹಾಕಿದರೆ ತಪ್ಪು. ಅಲ್ಲಿ ಪ್ರತಿ ಸ್ವರಕ್ಕೂ ಅಳತೆ ಇದೆ, ಎಂಟನೆಯದೋ ಹದಿನಾರನೆಯದೋ, ಅದನ್ನು ಬಿಡಿಬಿಡಿಯಾಗಿಯೇ ಬರೆಯಬೇಕು. ಅಲೆಗೆರೆ ಇರುವುದು ಅಳತೆ ಇಲ್ಲದ, ಸರ್ರನೆ ಉರುಳಿ ನಿಲ್ಲುವ ಕಾರ್ಡ್‌ಗೆ. ವಿದ್ಯಾರ್ಥಿಗಳು ಬರೆದ ಸ್ಕೋರ್‌ಗಳಲ್ಲಿ ನಾನು ತಿದ್ದುವ ಅಲೆಗೆರೆಗಳಲ್ಲಿ ಬಹುಪಾಲು ಈ ಗೊಂದಲದಿಂದ ಹುಟ್ಟಿದವು, ಸಾಫ್ಟ್‌ವೇರ್ ಬಾರದೆ ಇರುವುದರಿಂದ ಅಲ್ಲ. ತಂಬೂರಿಯ ಮೀಟನ್ನು ಸ್ಟಾಫ್ ನೊಟೇಶನ್‌ಗೆ ಇಳಿಸುವವರೂ ಕೆಲವೊಮ್ಮೆ ಅಲೆಗೆರೆ ಹಾಕುತ್ತಾರೆ. ನಾಲ್ಕು ತಂತಿಗೂ ಅದರದರ ಬಿಡುವು ಇರುವ ಮೀಟು ಅದು, ಸ್ವರಗಳನ್ನು ಬಿಡಿಸಿಯೇ ಬರೆಯುವುದು ಸರಿ.

ಇನ್ನು ಗೆರೆ ಎಲ್ಲಿ ನಿಲ್ಲಬೇಕು. ಕಾರ್ಡ್‌ನ ಎಡಕ್ಕೆ, ಅದರ ಶಾರ್ಪ್, ಫ್ಲ್ಯಾಟ್, ನ್ಯಾಚುರಲ್ ಎಲ್ಲದರ ಎಡಕ್ಕೆ, ಆದರೆ ಬಾರ್‌ಲೈನ್‌ನ ಬಲಕ್ಕೆ. ನಿಮ್ಮ ಕಾರ್ಡ್‌ನಲ್ಲಿ ಶಾರ್ಪ್ ಇರುವುದು ಬಲಗೈಯ ಎಫ್‌ಗೆ ಮಾತ್ರ. ಆದರೂ ಗೆರೆ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಒಂದೇ ಕಂಬ. ಎಡಗೈಯ ಹತ್ತಿರ ಸ್ವಲ್ಪ ಖಾಲಿ ಜಾಗ ಉಳಿದರೂ ಚಿಂತೆಯಿಲ್ಲ. ಆ ಖಾಲಿಯನ್ನು ಮುಚ್ಚಲು ಗೆರೆಯನ್ನು ಬಲಕ್ಕೆ ತಳ್ಳಿದ್ದರಿಂದಲೇ ಅದು ಶಾರ್ಪ್ ಮೇಲೆ ಹತ್ತಿದ್ದು ಎಂದು ನನ್ನ ಊಹೆ. ಮ್ಯೂಸ್‌ಸ್ಕೋರ್‌ನಲ್ಲಿ ಕೈಯಿಂದ ಸರಿಸಿದ ಯಾವ ಚಿಹ್ನೆಯನ್ನಾದರೂ ಆರಿಸಿ ಕಂಟ್ರೋಲ್ ಜೊತೆ ಆರ್ ಒತ್ತಿದರೆ ಅದು ತನ್ನ ಮೂಲ ಜಾಗಕ್ಕೆ ಮರಳುತ್ತದೆ. ಮ್ಯಾಕ್ ಆದರೆ ಕಮ್ಯಾಂಡ್ ಜೊತೆ ಆರ್. ಮರಳಿದ ಮೇಲೂ ಇಕ್ಕಟ್ಟು ಅನ್ನಿಸಿದರೆ ಒಂದು ಗೆರೆಯನ್ನು ಮಾತ್ರ ತಳ್ಳಬೇಡಿ. ಸ್ಟೈಲ್ ಒಳಗೆ ಆರ್ಪೆಜಿಯೋಗೆಂದೇ ಒಂದು ಭಾಗ ಇದೆ. ಸ್ವರದಿಂದ ಎಷ್ಟು ದೂರ, ಆ್ಯಕ್ಸಿಡೆಂಟಲ್‌ನಿಂದ (ಶಾರ್ಪ್, ಫ್ಲ್ಯಾಟ್‌ನಂಥ ಚಿಹ್ನೆಯಿಂದ) ಎಷ್ಟು ದೂರ ಎಂದು ಅಲ್ಲಿ ಹೇಳಬಹುದು. ಅಳತೆ ಸ್ಟೇವ್‌ನ ಎರಡು ಗೆರೆಗಳ ನಡುವಿನ ಜಾಗದ ಲೆಕ್ಕದಲ್ಲಿ ಇರುತ್ತದೆ, ಮಿಲಿಮೀಟರ್‌ನಲ್ಲಿ ಅಲ್ಲ. ಹಾಗಾಗಿ ನಾಳೆ ಸ್ಟೇವ್ ಚಿಕ್ಕದು ಮಾಡಿದರೂ ಅನುಪಾತ ಕೆಡುವುದಿಲ್ಲ, ಇಡೀ ಸ್ಕೋರ್‌ನ ಎಲ್ಲ ಗೆರೆಗಳೂ ಒಂದೇ ನಿಯಮಕ್ಕೆ ಬದ್ಧವಾಗಿರುತ್ತವೆ.

ತುದಿಗಳ ಬಗ್ಗೆ ಒಂದು ಸಣ್ಣ ವಿಷಯ, ಬಹಳ ಜನ ಇದಕ್ಕಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಪರದೆಯನ್ನು ಹತ್ತಿರಕ್ಕೆ ಹಿಗ್ಗಿಸಿ ನೋಡಿದರೆ ಗೆರೆ ಮೇಲಿನ ಡಿ ಸ್ವರಕ್ಕಿಂತ ಕೊಂಚ ಮೇಲಕ್ಕೆ ಚಾಚಿರಬಹುದು, ಅಥವಾ ಕೆಳಗೆ ಕೊಂಚ ಹೆಚ್ಚೇ ಇಳಿದಿರಬಹುದು. ಕಾರಣ, ಅಲೆಗೆರೆ ಒಂದೇ ಅಖಂಡ ಚಿತ್ರ ಅಲ್ಲ. ಸಂಗೀತದ ಫಾಂಟ್‌ನಲ್ಲಿ ಒಂದು ಅಲೆಯ ತುಣುಕು ಇರುತ್ತದೆ. ಸಾಫ್ಟ್‌ವೇರ್ ಬೇಕಾದಷ್ಟು ತುಣುಕುಗಳನ್ನು ಸಾಲಾಗಿ ಜೋಡಿಸಿ, ಆ ಸಾಲನ್ನು 90 ಡಿಗ್ರಿ ತಿರುಗಿಸಿ ನಿಲ್ಲಿಸುತ್ತದೆ. 2013ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆ ಮುಂದಿಟ್ಟ ಸ್ಮಫಲ್ ಎಂಬ ಸಂಗೀತ ಫಾಂಟ್ ಮಾನದಂಡದಲ್ಲಿ ಈ ತುಣುಕುಗಳಿಗೆ ಗೊತ್ತಾದ ಸ್ಥಾನಗಳೇ ಇವೆ. ಮ್ಯೂಸ್‌ಸ್ಕೋರ್, ಅದರಂಥದೇ ಇನ್ನೊಂದು ಸಾಫ್ಟ್‌ವೇರ್ ಆದ ಡೊರಿಕೊ, ಎರಡೂ ಅದನ್ನೇ ಪಾಲಿಸುತ್ತವೆ. ತುಣುಕುಗಳಿಂದ ಕಟ್ಟಿದ್ದರಿಂದ ಗೆರೆ ಒಂದೊಂದು ಅಲೆಯಷ್ಟೇ ಬೆಳೆಯುತ್ತದೆ, ಅರ್ಧ ಅಲೆ ಬೆಳೆಯುವುದಿಲ್ಲ. ಸ್ವರದ ತಲೆಯನ್ನು ದಾಟಿ ಕೊಂಚ ಹೊರಗೆ ಚಾಚಿದ್ದರೆ ಅದು ಸರಿಯೇ, ಅಚ್ಚಿನ ಪುಸ್ತಕಗಳಲ್ಲೂ ಹಾಗೇ ಇರುತ್ತದೆ. ಒಳಗೇ ನಿಂತು ಕೊನೆಯ ಸ್ವರವನ್ನು ಹೊರಗೆ ಬಿಟ್ಟಂತೆ ಕಂಡರೆ ಮಾತ್ರ ತಿದ್ದಿ.

ಒಂದೇ ಸ್ಟೇವ್‌ನಲ್ಲಿ ಎರಡು ವಾಯ್ಸ್ (ಸ್ವತಂತ್ರವಾಗಿ ಸಾಗುವ ಸ್ವರಸಾಲು) ಇದ್ದಾಗ ತುಸು ಎಚ್ಚರ ಬೇಕು. ಮೇಲಿನ ವಾಯ್ಸ್‌ನಲ್ಲಿ ರಾಗ, ಕೆಳಗಿನದರಲ್ಲಿ ಪಕ್ಕವಾದ್ಯದ ಕಾರ್ಡ್. ರಾಗದ ಸ್ವರವೂ ಓಟದಲ್ಲಿ ಸೇರಿದ್ದರೆ ಗೆರೆ ಎರಡು ವಾಯ್ಸ್‌ಗಳನ್ನೂ ಹಿಡಿಯಬೇಕು, ಹಿಡಿಯನ್ನು ಚಾಚುವ ಮೇಲಿನ ಕ್ರಮವೇ ಇಲ್ಲೂ ನಡೆಯುತ್ತದೆ. ಸೇರಿಲ್ಲದಿದ್ದರೆ ಕೆಳಗಿನ ವಾಯ್ಸ್‌ನ ಸ್ವರ ಆರಿಸಿ ಅದಕ್ಕೆ ಮಾತ್ರ ಹಾಕಿ. ಆಗ ಗೆರೆ ರಾಗದ ಸ್ವರಕ್ಕಿಂತ ಕೆಳಗೇ ನಿಲ್ಲುತ್ತದೆ, ಓದುವವರಿಗೆ ತಾನಾಗಿ ಅರ್ಥವಾಗುತ್ತದೆ.

ಟೈ ಹಾಕಿದ ಕಾರ್ಡ್‌ಗಳಲ್ಲಿ ಗೆರೆ ಮೊದಲ ಕಾರ್ಡ್‌ಗೆ ಮಾತ್ರ. ಟೈಯಿಂದ ಮುಂದುವರಿದು ಬಂದ ಎರಡನೆಯದನ್ನು ಮತ್ತೆ ನುಡಿಸುವುದಿಲ್ಲ, ಅಲ್ಲಿ ಉರುಳಿಸುವುದಕ್ಕೆ ಏನೂ ಇಲ್ಲ. ಕಾಪಿ-ಪೇಸ್ಟ್ ಮಾಡುವಾಗ ಇದು ಕಣ್ತಪ್ಪಿ ಉಳಿದುಬಿಡುತ್ತದೆ. ಕೆಳಗಿನ ಒಂದು ಸ್ವರ ಮಾತ್ರ ಹಿಂದಿನಿಂದ ಟೈ ಆಗಿ ಬಂದು ಉಳಿದವು ಹೊಸದಾಗಿ ಬೀಳುತ್ತಿದ್ದರೆ, ಗೆರೆ ಹೊಸ ಸ್ವರಗಳಿಗಷ್ಟೇ ಸೀಮಿತವಾಗಲಿ.

ಗ್ರೇಸ್ ಸ್ವರ ಮತ್ತು ಅಲೆಗೆರೆ ಒಟ್ಟಿಗೆ ಬಂದರೆ ಗ್ರೇಸ್ ಸ್ವರದ ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆ. ಮೊದಲು ಗ್ರೇಸ್, ಆಮೇಲೆ ಓಟ ಎಂದಿದ್ದರೆ ಗೆರೆ ಗ್ರೇಸ್ ಸ್ವರ ಮತ್ತು ಕಾರ್ಡ್ ಎರಡರ ನಡುವೆ. ಎಡದಿಂದ ಬಲಕ್ಕೆ ಓದುವ ಕಣ್ಣಿಗೆ ಇದೇ ಸಹಜ.

ಬಾಣಗಳ ವಿಷಯಕ್ಕೆ ಬರೋಣ. ಬಾಣವಿಲ್ಲದ ಗೆರೆ ಎಂದರೆ ಕೆಳಗಿನಿಂದ ಮೇಲಕ್ಕೆ ಎಂದೇ ಅರ್ಥ. ಆದ್ದರಿಂದ ಇಡೀ ಹಾಡಿನಲ್ಲಿ ಎಲ್ಲವೂ ಮೇಲ್ಮುಖವೇ ಆಗಿದ್ದರೆ ಮೇಲುಬಾಣ ಹಾಕಬೇಡಿ, ಅನಾವಶ್ಯಕ ಗಲಾಟೆ. ಮೇಲಿನಿಂದ ಕೆಳಕ್ಕೆ ಉರುಳಬೇಕಾದ ಜಾಗದಲ್ಲಿ ಕೆಳಬಾಣ ಕಡ್ಡಾಯ. ಒಮ್ಮೆ ಕೆಳಬಾಣ ಬಂದ ಮೇಲೆ ಅದರ ಆಸುಪಾಸಿನಲ್ಲಿ ಬರುವ ಮೇಲ್ಮುಖದ ಓಟಗಳಿಗೂ ಬಾಣ ಕೊಡುವುದು ಒಳ್ಳೆಯದು. ಇಲ್ಲದಿದ್ದರೆ ಹಿಂದಿನದರಂತೆಯೇ ಇದೂ ಕೆಳಮುಖವೇ ಎಂಬ ಅನುಮಾನ ಬರುತ್ತದೆ. ಪ್ಯಾಲೆಟ್‌ನಲ್ಲಿ ಅಲೆಯ ಬದಲು ನೆಟ್ಟಗಿನ ಚೌಕ ಆವರಣದಂಥ ಗೆರೆಯೂ ಇದೆ. ಅದು ತದ್ವಿರುದ್ಧ: ಉರುಳಿಸಬೇಡಿ, ಎಲ್ಲ ಸ್ವರ ಒಟ್ಟಿಗೇ ಎಂದು. ಉರುಳುವ ಕಾರ್ಡ್‌ಗಳ ನಡುವೆ ಒಂದು ಗಟ್ಟಿ ಕಾರ್ಡ್ ಬೇಕಾದಾಗ ಇದು ಬೇಕು. ಹಾರ್ಪ್‌ಗೆ ಬರೆಯುವಾಗ ಇನ್ನೂ ಹೆಚ್ಚು ಬೇಕು, ಯಾಕೆಂದರೆ ಹಾರ್ಪ್ ವಾದಕರಿಗೆ ಕಾರ್ಡ್ ಕಂಡರೆ ತುಸು ಉರುಳಿಸುವುದೇ ರೂಢಿ. ಬೇಡವೆಂದರೆ ನೀವೇ ಬೇಡವೆನ್ನಬೇಕು. ಪಿಟೀಲಿನ ಮೂರು-ನಾಲ್ಕು ಸ್ವರದ ಕಾರ್ಡ್‌ಗೆ ಅಲೆಗೆರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬ್ರಿಡ್ಜ್‌ನ ಬಾಗಿನಿಂದಾಗಿ ಬಿಲ್ಲು ನಾಲ್ಕೂ ತಂತಿಯನ್ನು ಒಟ್ಟಿಗೆ ಹಿಡಿದಿಡಲಾರದು, ಕಾರ್ಡ್ ಹೇಗೂ ಒಡೆದೇ ಬರುತ್ತದೆ.

ಗಿಟಾರ್‌ನಲ್ಲಿ ಇದೇ ಚಿಹ್ನೆ ನಡೆಯುತ್ತದೆ, ಆದರೆ ಬಾಣದ ದಿಕ್ಕಿನಲ್ಲಿ ಬೀಳದವರು ಕಡಿಮೆ. ಕಾಗದದ ಮೇಲೆ ಮೇಲ್ಮುಖದ ಬಾಣ ಎಂದರೆ ಕೆಳಗಿನ ಶ್ರುತಿಯಿಂದ ಮೇಲಿನ ಶ್ರುತಿಗೆ. ಗಿಟಾರ್ ಹಿಡಿದುಕೊಂಡಾಗ ದಪ್ಪ ತಂತಿ ಮೇಲೆ, ಮುಖದ ಕಡೆ. ತೆಳು ತಂತಿ ಕೆಳಗೆ, ನೆಲದ ಕಡೆ. ಅಂದರೆ ಕಾಗದದಲ್ಲಿ ಬಾಣ ಮೇಲಕ್ಕೆ ಹೋದಾಗ ಕೈ ಕೆಳಕ್ಕೆ ಹೋಗುತ್ತದೆ, ಅದು ಡೌನ್‌ಸ್ಟ್ರೋಕ್. ಟ್ಯಾಬ್‌ನಲ್ಲೂ (ತಂತಿಗೊಂದು ಗೆರೆ ಇರುವ ಗಿಟಾರ್ ಬರಹದಲ್ಲೂ) ಹೀಗೆಯೇ, ಯಾಕೆಂದರೆ ಟ್ಯಾಬ್‌ನ ಅತಿ ಕೆಳಗಿನ ಗೆರೆ ದಪ್ಪ ತಂತಿಯದು. ಡೌನ್‌ಸ್ಟ್ರೋಕ್ ಬೇಕೆಂದು ಕೆಳಬಾಣ ಹಾಕಿದರೆ ವಾದಕ ಅಪ್‌ಸ್ಟ್ರೋಕ್ ನುಡಿಸುತ್ತಾನೆ, ತಪ್ಪು ಅವನದಲ್ಲ. ಇನ್ನೊಂದು ವ್ಯತ್ಯಾಸ: ಮ್ಯೂಸ್‌ಸ್ಕೋರ್ ಪ್ಯಾಲೆಟ್‌ನಲ್ಲಿ ಅಲೆಯ ಬಾಣಗಳ ಪಕ್ಕದಲ್ಲೇ ನೇರ ಗೆರೆಯ ಬಾಣಗಳಿವೆ. ಗಿಟಾರ್ ಬರವಣಿಗೆಯಲ್ಲಿ ನೇರ ಬಾಣ ಒಂದೇ ಏಟಿನ ಸ್ಟ್ರಮ್‌ಗೆ, ಅಲೆಯ ಬಾಣ ತಂತಿತಂತಿ ಕೇಳುವಂತೆ ನಿಧಾನವಾಗಿ ಉರುಳಿಸುವುದಕ್ಕೆ. ಎರಡನ್ನೂ ಕಲಸಬೇಡಿ. ಬರಿ ಸ್ಟ್ರಮ್ಮಿಂಗ್ ಪಾರ್ಟ್‌ಗಾದರೆ ಸ್ವರಗಳೇ ಬೇಡ. ಮೇಲೆ ಕಂಟ್ರೋಲ್ ಜೊತೆ ಕೆ ಒತ್ತಿ ಕಾರ್ಡ್ ಹೆಸರು ಬರೆದು, ಕೆಳಗೆ ಸ್ಲ್ಯಾಶ್‌ಗಳಲ್ಲಿ (ಓರೆಗೆರೆಗಳಲ್ಲಿ) ತಾಳ ತೋರಿಸಿದರೆ ಸಾಕು. ಅಂಥ ಸ್ಲ್ಯಾಶ್‌ಗಳಿಗೆ ಅಲೆಗೆರೆ ಕಟ್ಟುವ ಸಾಹಸವನ್ನೂ ನೋಡಿದ್ದೇನೆ. ಸ್ವರವೇ ಇಲ್ಲದ ಕಡೆ ಉರುಳುವುದೇನು?

ಬೇರೆ ಸಾಫ್ಟ್‌ವೇರ್‌ಗಳಲ್ಲಿ ದಾರಿ ಸ್ವಲ್ಪ ಬೇರೆ. ನನ್ನನ್ನು ಕೇಳಿದರೆ ಈ ಒಂದು ವಿಷಯದಲ್ಲಿ ಡೊರಿಕೊದ ರೀತಿಯೇ ಅತಿ ಸಮಂಜಸ. ಅಲ್ಲಿ ಎರಡು ಸ್ಟೇವ್‌ನ ಐದೂ ಸ್ವರಗಳನ್ನು ಮೊದಲೇ ಆರಿಸಿ, ಶಿಫ್ಟ್ ಜೊತೆ ಓ ಒತ್ತಿ, ತೆರೆದುಕೊಂಡ ಪುಟ್ಟ ಪೆಟ್ಟಿಗೆಯಲ್ಲಿ ಎ-ಆರ್-ಪಿ ಎಂಬ ಮೂರು ಅಕ್ಷರ ಬರೆದು ಎಂಟರ್ ಕೊಟ್ಟರೆ ಆಯಿತು. ಯಾವ ಸ್ವರಗಳು ಎಂದು ಮೊದಲೇ ಹೇಳಿದ್ದರಿಂದ ಗೆರೆ ಒಂದೇ ಬರುತ್ತದೆ. ಆಮೇಲೆ ಕೆಳಗೊಂದು ಸ್ವರ ಸೇರಿಸಿದರೆ ಗೆರೆಯೂ ಇಳಿಯುತ್ತದೆ, ತೆಗೆದರೆ ಏರುತ್ತದೆ. ಓಟ ಬೀಟ್‌ನ ಮೇಲೆ ಶುರುವಾಗಬೇಕೋ ಬೀಟ್‌ಗೆ ಮುಗಿಯಬೇಕೋ ಎಂದು ಪ್ಲೇಬ್ಯಾಕ್‌ಗೆ ಹೇಳುವ ಆಯ್ಕೆಯೂ ಅದರಲ್ಲಿದೆ. ಸಿಬೇಲಿಯಸ್‌ನಲ್ಲಿ ಗೆರೆ ಹಾಕಿ ಅದರ ತುದಿಯನ್ನು ಕೆಳಗಿನ ಸ್ಟೇವ್‌ವರೆಗೆ ಎಳೆಯುವುದು ರೂಢಿ. ಹಾಗೆ ಎಳೆದದ್ದನ್ನು ಸ್ಟೇವ್ ಅಂತರ ಪಕ್ಕಾ ಆದ ಮೇಲೆ, ಕೊನೆಯ ಹಂತದಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು.

ಸ್ವರಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡುವ ಲಿಲಿಪಾಂಡ್ ಸಾಫ್ಟ್‌ವೇರ್ ಬಳಸುವವರಿಗೆ ಮೌಸ್ ಗೊಡವೆಯೇ ಇಲ್ಲ. ಕಾರ್ಡ್ ಬರೆದ ಕೂಡಲೇ ಹಿಂದೆ ಆರ್ಪೆಜಿಯೋ ಆದೇಶ ಬರೆಯುತ್ತೀರಿ. ಎರಡು ಸ್ಟೇವ್‌ಗೂ ಬರೆದರೂ ಮೊದಲಿಗೆ ಎರಡು ತುಂಡೇ ಬರುತ್ತವೆ. ಪಿಯಾನೋಸ್ಟಾಫ್‌ಗೆ ಕನೆಕ್ಟ್‌ಆರ್ಪೆಜಿಯೋಸ್ ಎಂಬ ಗುಣವನ್ನು ಆನ್ ಮಾಡಿದಾಗ ಅವು ಸೇರಿ ಒಂದಾಗುತ್ತವೆ. ಒಂದೇ ಸ್ಟೇವ್‌ನ ಎರಡು ವಾಯ್ಸ್ ಜೋಡಿಸಲು ಈ ಗುಣವನ್ನು ಸ್ಟಾಫ್ ಮಟ್ಟದಲ್ಲಿ ಕೊಡಬೇಕು, ಜೊತೆಗೆ ಸ್ಪ್ಯಾನ್ ಆರ್ಪೆಜಿಯೋ ಎನ್‌ಗ್ರೇವರ್ ಅನ್ನು ಆ ಸ್ಟಾಫ್‌ಗೆ ಸೇರಿಸಬೇಕು. ಈ ಎರಡನೆಯದನ್ನು ಮರೆತವರೇ ಏನೂ ಆಗುತ್ತಿಲ್ಲ ಎಂದು ಗೋಳಾಡುವುದು. ಮುಂದೆ ಪ್ರತ್ಯೇಕ ಗೆರೆಗಳು ಬೇಕಾದ ಕಡೆ ಗುಣವನ್ನು ಆಫ್ ಮಾಡುವುದೂ ನಿಮ್ಮದೇ ಕೆಲಸ.

ಪ್ಲೇಬ್ಯಾಕ್ ಬಗ್ಗೆ ನನ್ನ ನಿಲುವು ಸ್ವಲ್ಪ ಗಡಸು. ಕಾಗದದ ಮೇಲಿನ ಬರಹ ಮನುಷ್ಯರಿಗೆ. ಅದು ಸರಿಯಿದೆಯೇ ಎಂದು ಕಂಪ್ಯೂಟರ್‌ನ ಸದ್ದಿನಿಂದ ತೀರ್ಮಾನಿಸಬೇಡಿ. ಮ್ಯೂಸ್‌ಸ್ಕೋರ್ 3ರಲ್ಲಿ ಎರಡು ಸ್ಟೇವ್‌ಗೆ ಚಾಚಿದ ಗೆರೆ ಕಣ್ಣಿಗೆ ಸರಿಯಾಗಿದ್ದರೂ ಕಿವಿಗೆ ಒಂದೇ ಓಟವಾಗಿ ಕೇಳುತ್ತಿರಲಿಲ್ಲ. ಹಾಗೆಂದು ಬರಹ ತಪ್ಪಾಗಿರಲಿಲ್ಲ. ಆದರೂ ಹಾಡುವವರಿಗೆ ಅಭ್ಯಾಸಕ್ಕೆ ಒಂದು ಆಡಿಯೋ ಕಳುಹಿಸಬೇಕು, ಅದರಲ್ಲಿ ಆ ಓಟ ನಿಮಗೆ ಬೇಕಾದ ವೇಗದಲ್ಲೇ ಕೇಳಬೇಕು ಎಂದಾದರೆ ಫೈಲ್‌ನ ಒಂದು ಪ್ರತಿ ಮಾಡಿಕೊಳ್ಳಿ. ಆ ಪ್ರತಿಯಲ್ಲಿ ಅಲೆಗೆರೆ ತೆಗೆದು, ಐದು ಸ್ವರಗಳನ್ನು ಮೂವತ್ತೆರಡನೆಯ ಅಳತೆಯಲ್ಲಿ ಒಂದೊಂದಾಗಿ ಪ್ರವೇಶಿಸುವಂತೆ, ಟೈ ಹಾಕಿ ಉದ್ದ ಎಳೆದು ಬರೆಯಿರಿ. ಪುಟ ಕೊಳಕಾಗಿ ಕಾಣುತ್ತದೆ, ಕಾಣಲಿ ಬಿಡಿ, ಅದನ್ನು ಯಾರೂ ಓದುವುದಿಲ್ಲ. ಒಂದೇ ಫೈಲ್‌ನಲ್ಲಿ ಎರಡೂ ಬೇಕು ಎಂದು ಹಠ ಇದ್ದರೆ, ಕಾಣುವ ಕಾರ್ಡ್ ಆರಿಸಿ ಪ್ರಾಪರ್ಟೀಸ್‌ನಲ್ಲಿ ಪ್ಲೇ ಗುರುತು ತೆಗೆಯಿರಿ. ಓಟದ ಸ್ವರಗಳನ್ನು ಇನ್ನೊಂದು ವಾಯ್ಸ್‌ನಲ್ಲಿ ಬರೆದು ವಿ ಒತ್ತಿ ಮರೆಮಾಡಿ. ಮರೆಮಾಡಿದ ಸ್ವರಗಳು ಕಾಣುವುದಿಲ್ಲ, ಕೇಳುತ್ತವೆ. ಆದರೆ ಮರೆಯಲ್ಲಿದ್ದುಕೊಂಡೇ ಅಕ್ಕಪಕ್ಕದ ಸ್ವರಗಳ ಅಂತರವನ್ನು ಕೆಡಿಸಬಲ್ಲವು. ಅದಕ್ಕೇ ನಾನು ಎರಡು ಫೈಲ್ ಪಕ್ಷಪಾತಿ.

ಕೊನೆಯದಾಗಿ, ಈ ಸ್ಕೋರ್ ಬೇರೆ ಸಾಫ್ಟ್‌ವೇರ್ ಬಳಸುವವರ ಕೈಗೆ ಹೋಗುವುದಿದ್ದರೆ. 1988ರಿಂದ ಇದ್ದ ಫಿನಾಲೆ ಎಂಬ ನೊಟೇಶನ್ ಸಾಫ್ಟ್‌ವೇರನ್ನು ಇನ್ನು ಮುಂದೆ ಬೆಳೆಸುವುದಿಲ್ಲ ಎಂದು ಅದರ ಕಂಪನಿ ಮೇಕ್‌ಮ್ಯೂಸಿಕ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಮೇಲೆ ಹಳೆಯ ಫೈಲ್‌ಗಳ ಸಾಗಾಟ ಇನ್ನೂ ಹೆಚ್ಚಿದೆ. ಸಾಗಾಟದ ವಾಹನ ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಫೈಲ್ ರೂಪ. ಅದರಲ್ಲಿ ಅಲೆಗೆರೆ ಒಂದು ಗೆರೆಯಾಗಿ ಹೋಗುವುದೇ ಇಲ್ಲ. ಓಟದಲ್ಲಿ ಸೇರಿದ ಪ್ರತಿ ಸ್ವರದ ಒಳಗೂ ಇದು ಉರುಳುವ ಸ್ವರ ಎಂದು ಒಂದು ಗುರುತು ಕೂರುತ್ತದೆ. ಒಂದೇ ಓಟದ ಸ್ವರಗಳಿಗೆ ಒಂದೇ ಸಂಖ್ಯೆ, ಏಕಕಾಲದಲ್ಲಿ ಎರಡು ಓಟ ಇದ್ದರೆ ಎರಡು ಸಂಖ್ಯೆ. ದಿಕ್ಕು ಇದ್ದರೆ ಅದೂ ಬರೆದಿರುತ್ತದೆ. ಉರುಳಿಸಬೇಡಿ ಎಂಬ ಚೌಕ ಆವರಣಕ್ಕೆ ಬೇರೆಯೇ ಗುರುತು. ನೀವು ಕೈಯಿಂದ ಜೋಡಿಸಿದ್ದ ಆ ಎರಡು ತುಂಡುಗಳು ಹೀಗೆ ಹೋಗಿದ್ದರೆ ಆ ಕಡೆ ಎರಡು ಓಟವಾಗಿಯೇ ತಲುಪುತ್ತಿದ್ದವು, ನೀವು ಬಿರುಕು ಮುಚ್ಚಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಸರಿಯಾಗಿ ಕಟ್ಟಿದ ಗೆರೆಯನ್ನೂ ಆಮದು ಮಾಡಿಕೊಳ್ಳುವ ಕಡೆ ಕೆಲವೊಮ್ಮೆ ಸ್ಟೇವ್‌ಗೊಂದರಂತೆ ಒಡೆದುಬಿಡುತ್ತಾರೆ. ಆದ್ದರಿಂದ ಫೈಲ್ ಜೊತೆಗೆ ಒಂದು ಪಿಡಿಎಫ್ ಕೂಡ ಕಳುಹಿಸಿ, ಎರಡು ಕೈಯ ಓಟಗಳು ಯಾವ ಬಾರ್‌ಗಳಲ್ಲಿವೆ ಎಂದು ಬಾರ್ ಸಂಖ್ಯೆ ಬರೆದುಕೊಡಿ. ಪಡೆದವರು ಆ ಜಾಗಗಳನ್ನಷ್ಟೇ ತಾಳೆ ನೋಡಿದರೆ ಸಾಕು.